ಕೊನೆಗೆ ಕೊಳ್ಳಬೇಕಾದದ್ದು ಬ್ಯಾಟರಿ

ಲಂಗರು ಬಿಟ್ಟು ಎಂಜಿನ್ ಆರಿಸಿದ ಮೇಲೆ ದೋಣಿಯಲ್ಲಿ ಕರೆಂಟು ಅಂದರೆ ಬ್ಯಾಟರಿಯಲ್ಲಿ ಉಳಿದಿರುವಷ್ಟೇ. ದಡದಿಂದ ತಂತಿ ಬರುವುದಿಲ್ಲ. ಕರೆಂಟು ಹೋಯಿತೆಂದು ಫೋನ್ ಮಾಡಿ ಕೇಳಲು ಸೆಕ್ಷನ್ ಆಫೀಸಿಲ್ಲ. ಫ್ರಿಜ್ಜಿನಲ್ಲಿ ಹಾಲು ಕೆಡಬಾರದು, ನಲ್ಲಿ ತಿರುಗಿಸಿದರೆ ನೀರು ಬರಬೇಕು, ಕತ್ತಲಲ್ಲಿ ಬರುವ ಬೇರೆ ದೋಣಿಯವರಿಗೆ ಕಾಣುವಂತೆ ಕಂಬದ ತುದಿಯ ದೀಪ ರಾತ್ರಿಯಿಡೀ ಉರಿಯಬೇಕು. ಎಂಜಿನ್ ಎಬ್ಬಿಸಲು ಬೇರೆ ಬ್ಯಾಟರಿ ಇರುತ್ತದೆ, ಅದನ್ನು ಮುಟ್ಟುವಂತಿಲ್ಲ. ಮನೆವಾರ್ತೆಯ ಭಾರವನ್ನೆಲ್ಲ ಹೊರುವುದು ಇನ್ನೊಂದು ಗುಂಪು. ಅದಕ್ಕೆ ಹೌಸ್ ಬ್ಯಾಂಕ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಈ ಬ್ಯಾಂಕು ಹಳೆಯ ಕಾಲದ ಖರ್ಚಿಗೆ ತಕ್ಕಷ್ಟೇ ಇರುತ್ತದೆ. ಇಂದಿನ ಸಂಸಾರಕ್ಕೆ ಅದು ಸಾಲುವುದಿಲ್ಲ.

ನಾನು ಮಂಡ್ಯ ಕಡೆಯವಳು. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಮದುವೆಯಾದ ಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರೆಟ್‌ಗೆ ಬಂದು ನೆಲೆಸಿದೆ. ಸಿಯಾಟಲ್‌ನಿಂದ ಸ್ವಲ್ಪ ಉತ್ತರಕ್ಕೆ, ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನ ದಡದಲ್ಲಿರುವ ಊರು ಇದು. ನಮ್ಮದು 36 ಅಡಿಯ ಗ್ರ್ಯಾಂಡ್ ಬ್ಯಾಂಕ್ಸ್ ದೋಣಿ, 1980ರ ದಶಕದಲ್ಲಿ ಸಿಂಗಪುರದಲ್ಲಿ ಕಟ್ಟಿದ್ದು. ಹಾಯಿ ಇಲ್ಲ. 120 ಅಶ್ವಶಕ್ತಿಯ ಒಂದೇ ಒಂದು ಫೋರ್ಡ್ ಲೇಮನ್ ಡೀಸೆಲ್ ಎಂಜಿನ್. 7 ನಾಟ್, ಅಂದರೆ ಗಂಟೆಗೆ 13 ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ಹೋಗುತ್ತದೆ. ಒಳಗೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲ ಇದೆ. ಬೇಸಿಗೆಯಲ್ಲಿ ಇಂಥ ದೋಣಿಗಳವರು ಉತ್ತರದ ಸ್ಯಾನ್ ವಾನ್ ದ್ವೀಪಗಳಿಗೆ ಹೊರಡುತ್ತಾರೆ. ಅಲ್ಲಿ ಸುಶಿಯಾ ಎಂಬ ದ್ವೀಪವಿದೆ, ಇಡೀ ದ್ವೀಪವೇ ರಾಜ್ಯದ ಸಮುದ್ರೋದ್ಯಾನ. ದೋಣಿ ಕಟ್ಟಲು ತೇಲುಬುರುಡೆಗಳಿವೆ, ಕರೆಂಟಿಲ್ಲ. ಇನ್ನೂ ಉತ್ತರಕ್ಕೆ, ಕೆನಡಾದ ನೀರಿನಲ್ಲಿ, ಡೆಸೊಲೇಶನ್ ಸೌಂಡ್ ಇದೆ. 1792ರಲ್ಲಿ ಅಲ್ಲಿಗೆ ಬಂದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್‌ಗೆ ಅದು ಬಿಕೋ ಎನ್ನುವ ಜಾಗವಾಗಿ ಕಂಡಿದ್ದರಿಂದ ಆ ಹೆಸರಿಟ್ಟ. ಈಗ ಜುಲೈ, ಆಗಸ್ಟ್‌ನಲ್ಲಿ ಆ ಕೊಲ್ಲಿಗಳ ತುಂಬ ದೋಣಿಗಳು.

ಕರೆಂಟು ಸಾಲದಿದ್ದರೆ ಜನರೇಟರ್ ಇದೆಯಲ್ಲ ಎಂದು ಕೇಳಬಹುದು. ಬಹಳ ದೋಣಿಗಳಲ್ಲಿ ಇದೆ, ನಮ್ಮಲ್ಲೂ ಇದೆ. ಆದರೆ ಸುತ್ತ ಬೆಟ್ಟ, ನಡುವೆ ಅಲುಗದ ನೀರು ಇರುವ ಕೊಲ್ಲಿಯಲ್ಲಿ ಒಂದು ಜನರೇಟರ್ ಶುರುವಾದರೆ ಅದರ ಗುಯ್‌ಗುಡುವಿಕೆ ಆ ದಡಕ್ಕೂ ಕೇಳುತ್ತದೆ. ಯಾರೋ ಮಗು ಮಲಗಿಸುತ್ತಿರುತ್ತಾರೆ, ಯಾರೋ ಕತ್ತಲಲ್ಲಿ ಸೀಲ್ ಪ್ರಾಣಿಗಳ ಉಸಿರು ಕೇಳುತ್ತ ಕೂತಿರುತ್ತಾರೆ. ನಮ್ಮ ಮೈಕ್ರೋವೇವ್‌ಗಾಗಿ ಅವರ ಸಂಜೆಯನ್ನು ಕೆಡಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಎರಡು ರಾತ್ರಿ ಒಂದು ಕಡೆ ನಿಂತರೆ ಯಾವ ಯಂತ್ರವೂ ಓಡಬಾರದು ಎನ್ನುವುದೇ ನಮ್ಮ ಅಳತೆಗೋಲು. ಬ್ಯಾಂಕ್ ಹಿಗ್ಗಿಸಲು ಹೊರಟದ್ದೂ ಅದಕ್ಕೇ.

ಈ ಕೆಲಸಕ್ಕೆ ಕೈಹಾಕುವವರೆಲ್ಲ ಮೊದಲು ಕೇಳುವ ಪ್ರಶ್ನೆ, ಯಾವ ಬ್ಯಾಟರಿ ತರಲಿ? ನಾನು ಹೇಳುವುದು ಇದಕ್ಕೆ ತಿರುವುಮುರುವು. ಮೊದಲು ಖರ್ಚು ಬರೆಯಬೇಕು, ಆಮೇಲೆ ತುಂಬಿಸುವ ದಾರಿ ನೋಡಬೇಕು, ಆಮೇಲೆ ತಂತಿ ಮತ್ತು ಫ್ಯೂಸು. ಅಂಗಡಿಯಿಂದ ಬ್ಯಾಟರಿ ಬರಬೇಕಾದದ್ದು ಇದೆಲ್ಲ ಮುಗಿದ ಮೇಲೆ.

ಖರ್ಚಿನ ಲೆಕ್ಕ ಬರೆಯಲು ಆಂಪಿಯರ್-ಅವರ್ ಎಂಬ ಅಳತೆ ಸಾಕು. 5 ಆಂಪಿಯರ್ ಎಳೆಯುವ ವಸ್ತು 2 ಗಂಟೆ ಓಡಿದರೆ 10 ಆಂಪಿಯರ್-ಅವರ್ ಹೋಯಿತು. ನಮ್ಮ 12 ವೋಲ್ಟಿನ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ 5 ಆಂಪಿಯರ್ ಎಳೆಯುತ್ತದೆ, ದಿನದಲ್ಲಿ ಅರ್ಧ ಹೊತ್ತು ಓಡುತ್ತದೆ. ಅಲ್ಲಿಗೆ ದಿನಕ್ಕೆ 60. ಇಲ್ಲಿ ಜೂನ್‌ನಲ್ಲೂ ಬೆಳಗಿನ ಚಳಿ ಕಡಿಮೆಯಲ್ಲ. ಡೀಸೆಲ್ ಹೀಟರಿಗೆ ಎಣ್ಣೆಯ ಜೊತೆ ಫ್ಯಾನಿಗೂ ಪಂಪಿಗೂ ಕರೆಂಟು ಬೇಕು, ಅದಕ್ಕೆ 20. ಎಲ್‌ಇಡಿ ದೀಪಗಳಿಗೆ 10, ಲಂಗರು ದೀಪಕ್ಕೆ 2, ನೀರಿನ ಪಂಪಿಗೆ 4, ಫೋನು-ಲ್ಯಾಪ್‌ಟಾಪುಗಳಿಗೆ 20. ಯಜಮಾನರು ಕೆಲವು ದಿನ ದೋಣಿಯಿಂದಲೇ ಆಫೀಸ್ ಕೆಲಸ ಮಾಡುತ್ತಾರೆ. ಉಪಗ್ರಹದ ಇಂಟರ್‌ನೆಟ್ ತಟ್ಟೆ ಗಂಟೆಗೆ ನಾಲ್ಕೂವರೆಯಂತೆ ಹತ್ತು ಗಂಟೆಗೆ 45 ತಿನ್ನುತ್ತದೆ. ಮೈಕ್ರೋವೇವ್ ಹತ್ತು ನಿಮಿಷಕ್ಕೆ 20. ಮಿಕ್ಸಿ, ಗ್ರೈಂಡರು ಸೇರಿ 10. ಒಟ್ಟು ಸುಮಾರು 190 ಆಂಪಿಯರ್-ಅವರ್.

ಈ ಲೆಕ್ಕ ಬರೆಯುವಾಗ ನಮ್ಮ ಊಹೆಗಳು ಎಷ್ಟು ತಲೆಕೆಳಗು ಎಂದು ಗೊತ್ತಾಗುತ್ತದೆ. ಚಟ್ನಿ ರುಬ್ಬುವ ಮಿಕ್ಸಿ ಗರ್ ಎಂದಾಗ ಮೀಟರಿನಲ್ಲಿ 48 ಆಂಪಿಯರ್ ಕಾಣುತ್ತದೆ, ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದು ಓಡುವುದು ಮೂರು ನಿಮಿಷ, ಖರ್ಚಾಗುವುದು ಎರಡೂವರೆಯಷ್ಟು. ಇಡ್ಲಿ ಹಿಟ್ಟಿನ ಗ್ರೈಂಡರು ಅರ್ಧ ಗಂಟೆ ತಿರುಗಿದರೂ ಏಳಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ನಿಜವಾದ ತಿಂಡಿಪೋತ ಎಂದರೆ ಸದ್ದಿಲ್ಲದೆ ಕೂತಿರುವ ಇನ್ವರ್ಟರ್. 12 ವೋಲ್ಟನ್ನು 120 ವೋಲ್ಟಿನ ಮನೆ ಕರೆಂಟಾಗಿ ಮಾಡುವ ಈ ಪೆಟ್ಟಿಗೆ, ಯಾವ ಕೆಲಸವೂ ಇಲ್ಲದೆ ಬರೀ ಆನ್ ಆಗಿದ್ದರೂ ಒಂದೂವರೆ ಆಂಪಿಯರ್ ಎಳೆಯುತ್ತಿರುತ್ತದೆ. 24 ಗಂಟೆಗೆ 36. ಅಂದರೆ ಫ್ರಿಜ್ಜಿನ ಅರ್ಧಕ್ಕಿಂತ ಹೆಚ್ಚು ಕರೆಂಟು ಯಾರಿಗೂ ಉಪಯೋಗವಿಲ್ಲದೆ ಹೋಯಿತು. ಬೇಕಾದಾಗ ಹಾಕಿ ಆಮೇಲೆ ಆರಿಸುವ ಸ್ವಿಚ್ಚನ್ನು ಅಡುಗೆಮನೆಯಲ್ಲಿ ಕೈಗೆಟುಕುವಲ್ಲಿ ಇಟ್ಟರೆ, ಒಂದು ಬ್ಯಾಟರಿಯನ್ನೂ ಕೊಳ್ಳದೆ ಬ್ಯಾಂಕು ಅಷ್ಟು ದೊಡ್ಡದಾದ ಹಾಗೆ.

ಊಹೆ ಬಿಟ್ಟು ಅಳೆಯಲು ಶಂಟ್ ಎಂಬ ಲೋಹದ ತುಂಡು ಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಪೂರ್ತಿ ಇದರ ಮೂಲಕವೇ ಹಾಯಬೇಕು. 500 ಆಂಪಿಯರ್ ಹರಿದಾಗ ಇದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಹುಟ್ಟುವಂತೆ ಮಾಡಿರುತ್ತಾರೆ. ಆ ಪುಟ್ಟ ವೋಲ್ಟೇಜನ್ನು ಓದಿ, ಬಂದದ್ದೆಷ್ಟು ಹೋದದ್ದೆಷ್ಟು ಎಂದು ಮೀಟರು ಕೂಡಿ ಕಳೆಯುತ್ತದೆ. ನನ್ನನ್ನು ಕೇಳಿದರೆ ಮೊದಲು ಇದನ್ನು ಕೊಳ್ಳಿ, ಒಂದು ಬೇಸಿಗೆ ಹಳೆಯ ಬ್ಯಾಂಕಿನಲ್ಲೇ ಕಳೆದು ಅಂಕಿಗಳನ್ನು ಬರೆದಿಡಿ ಎನ್ನುತ್ತೇನೆ.

ದಿನಕ್ಕೆ 190 ಎಂದಾದರೆ ಎರಡು ದಿನಕ್ಕೆ 380. ಹಾಗಾದರೆ 380ರ ಬ್ಯಾಂಕು ಸಾಕಲ್ಲವೇ? ಸಾಲುವುದಿಲ್ಲ. ಏಕೆಂದು ತಿಳಿಯಲು ಬ್ಯಾಟರಿಯ ಹೊಟ್ಟೆಯೊಳಗೆ ಇಣುಕಬೇಕು.

ನಮ್ಮ ದೋಣಿಯಲ್ಲಿ ಮೊದಲಿದ್ದವು ಲೆಡ್ ಆಸಿಡ್ ಬ್ಯಾಟರಿಗಳು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದದ್ದರ ವಂಶವೇ. ಗಾಲ್ಫ್ ಮೈದಾನದ ಪುಟ್ಟ ಗಾಡಿಗಳಿಗೆಂದು ಮಾಡುವ 6 ವೋಲ್ಟಿನ ಬ್ಯಾಟರಿಗಳನ್ನು ಇಲ್ಲಿನ ದೋಣಿಗಳವರು ಬಹಳ ಇಷ್ಟಪಡುತ್ತಾರೆ, ದಪ್ಪ ತಟ್ಟೆಗಳ ಗಟ್ಟಿ ಜೀವ ಅವು. ಎರಡನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟು, ಸುಮಾರು 220 ಆಂಪಿಯರ್-ಅವರ್. ಅಂಥ ಎರಡು ಜೋಡಿ, ಅಂದರೆ 440 ನಮ್ಮಲ್ಲಿತ್ತು. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಬಳಸಲು ಸಿಗುವುದು 220. ಅಷ್ಟೂ ಸಿಗುವುದಿಲ್ಲ ಎನ್ನಬೇಕು. ಏಕೆಂದರೆ ಲಂಗರಿನಲ್ಲಿದ್ದಾಗ ಇದನ್ನು ಮತ್ತೆ ನೂರಕ್ಕೆ ನೂರು ತುಂಬಿಸುವುದು ಕಷ್ಟ. ಶೇಕಡಾ ಎಂಬತ್ತು ದಾಟಿದ ಮೇಲೆ ಅದು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆಯಾಗುತ್ತದೆ, ಕೊನೆಯ ಭಾಗಕ್ಕೆ ಗಂಟೆಗಟ್ಟಲೆ ಬೇಕು. ತುಂಬದೆ ಬಿಟ್ಟರೆ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ. ಅಷ್ಟು ಜಾಗ ಶಾಶ್ವತವಾಗಿ ಹೋಯಿತು.

ಜೊತೆಗೆ ಇನ್ನೊಂದು ಗುಣವಿದೆ. 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ ಅಳೆದು ತೋರಿಸಿದ್ದು ಅದು. ಬ್ಯಾಟರಿಯಿಂದ ಎಷ್ಟು ಜೋರಾಗಿ ಎಳೆಯುತ್ತೇವೋ ಅಷ್ಟು ಕಡಿಮೆ ಸಿಗುತ್ತದೆ. ನಿಮ್ಮ ಮನೆಯ ಯುಪಿಎಸ್ ಬ್ಯಾಟರಿಯ ಮೇಲೆ 150 ಎಎಚ್, ಪಕ್ಕದಲ್ಲಿ ಸಿ20 ಎಂದು ಬರೆದಿರುತ್ತದೆ ನೋಡಿ. 20 ಗಂಟೆ ಹೊತ್ತು ನಿಧಾನವಾಗಿ, ಏಳೂವರೆ ಆಂಪಿಯರ್‌ನಂತೆ ಎಳೆದರೆ ಮಾತ್ರ 150 ಸಿಗುತ್ತದೆ ಎನ್ನುವುದು ಅದರ ಅರ್ಥ. ಫ್ಯಾನು, ಟೀವಿ, ಫ್ರಿಜ್ಜು ಎಲ್ಲ ಒಟ್ಟಿಗೆ ಹಾಕಿದರೆ ಅಷ್ಟು ಬರುವುದಿಲ್ಲ. ಬ್ಯಾಟರಿ ಕಳಪೆ ಎಂದು ಅಂಗಡಿಯವರ ಜೊತೆ ಜಗಳವಾಡುವ ಮೊದಲು ಈ ಗುರುತು ಓದಿಕೊಳ್ಳುವುದು ಒಳ್ಳೆಯದು.

ಲೆಡ್ ಆಸಿಡ್‌ನಲ್ಲೇ 380 ಬೇಕೆಂದರೆ 760ಕ್ಕಿಂತ ದೊಡ್ಡ ಬ್ಯಾಂಕು ಬೇಕು, ಅಂದರೆ ಎಂಟು ಗಾಲ್ಫ್ ಗಾಡಿ ಬ್ಯಾಟರಿಗಳು. ಒಂದೊಂದೂ 28 ಕಿಲೋ. 220 ಕಿಲೋ ದಾಟಿದ ಭಾರವನ್ನು ಎಂಜಿನ್ ಕೋಣೆಯಲ್ಲಿ ಕೂರಿಸುವುದು, ಎಲ್ಲದಕ್ಕೂ ಬಗ್ಗಿ ಡಿಸ್ಟಿಲ್ಡ್ ವಾಟರ್ ಹಾಕುವುದು. ಮಾಡುವವರು ಮಾಡುತ್ತಾರೆ, ಅದು ತಪ್ಪಲ್ಲ. ದಿನವೂ ಎಂಜಿನ್ ಓಡಿಸುವವರಿಗೆ, ರಾತ್ರಿ ಮರೀನಾದಲ್ಲಿ ದಡದ ಕರೆಂಟಿಗೆ ಸಿಕ್ಕಿಸಿಕೊಳ್ಳುವವರಿಗೆ ಅದು ಇವತ್ತಿಗೂ ಸರಿಯಾದ ದಾರಿ. ಒಂದು ಮಾತು ಮಾತ್ರ ನೆನಪಿರಲಿ. ಹಳೆಯ ನಾಲ್ಕರ ಪಕ್ಕಕ್ಕೆ ಹೊಸ ನಾಲ್ಕನ್ನು ತಂದು ಸೇರಿಸಬಾರದು. ಸೊರಗಿದ ಹಳೆಯವು ಹೊಸವನ್ನೂ ತಮ್ಮ ಮಟ್ಟಕ್ಕೆ ಎಳೆಯುತ್ತವೆ. ಯುಪಿಎಸ್‌ಗೆ ಇನ್ನೊಂದು ಬ್ಯಾಟರಿ ಸೇರಿಸಲು ಹೊರಟವರಿಗೂ ಇದೇ ಮಾತು.

ನಾವು ಆರಿಸಿಕೊಂಡದ್ದು ಲಿಥಿಯಂ ಐರನ್ ಫಾಸ್ಫೇಟ್. ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಿಂದ ಈ ವಸ್ತುವಿನ ಬಗ್ಗೆ 1997ರಲ್ಲಿ ಪ್ರಬಂಧ ಹೊರಬಂತು. ಅದರ ಮೊದಲ ಲೇಖಕರು ಭಾರತ ಮೂಲದ ಅಕ್ಷಯ ಪಾಧಿ. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕೆ 2019ರ ನೊಬೆಲ್ ಪಡೆದವರಲ್ಲಿ ಗುಡ್‌ಇನಫ್ ಒಬ್ಬರು, ಆಗ ಅವರಿಗೆ 97 ವರ್ಷ. ಒಂದು ಕೋಶಕ್ಕೆ 3.2 ವೋಲ್ಟು, ನಾಲ್ಕು ಕೋಶ ಸಾಲಾದರೆ 12.8. ಇದರಲ್ಲಿ ಶೇಕಡಾ ಎಂಬತ್ತನ್ನು ಧಾರಾಳವಾಗಿ ಬಳಸಬಹುದು. ಜೋರಾಗಿ ಎಳೆದರೂ ಹೆಚ್ಚು ನಷ್ಟವಿಲ್ಲ, ಅರ್ಧ ತುಂಬಿದ ಸ್ಥಿತಿಯಲ್ಲಿ ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. 500 ಆಂಪಿಯರ್-ಅವರ್ ಇದ್ದರೆ ನಮ್ಮ 380ಕ್ಕೆ ಸಾಕು. ಭಾರ ಸುಮಾರು 60 ಕಿಲೋ. ಹಳೆಯ ನಾಲ್ಕರ ಅರ್ಧದಷ್ಟು ತೂಕದಲ್ಲಿ, ಬಳಸಲು ಸಿಗುವ ಕರೆಂಟು ಸುಮಾರು ಎರಡರಷ್ಟು.

ಇಷ್ಟು ಕೇಳಿದವರು ಕೂಡಲೇ ಅಂಗಡಿಗೆ ಓಡುತ್ತಾರೆ. ನಿಲ್ಲಬೇಕಾದದ್ದು ಇಲ್ಲೇ. ಛಾವಣಿಯ ಮೇಲೆ ಎರಡರಷ್ಟು ದೊಡ್ಡ ಟ್ಯಾಂಕು ಕಟ್ಟಿಸಿ, ಕೆಳಗಿನ ಬೋರ್‌ವೆಲ್ಲಿನಲ್ಲಿ ಮೊದಲಿನಷ್ಟೇ ನೀರು ಬಂದರೆ ಟ್ಯಾಂಕು ಎಂದಿಗೂ ತುಂಬುವುದಿಲ್ಲ. ನಮ್ಮ ಎಂಜಿನ್ನಿನ ಹಳೆಯ ಆಲ್ಟರ್ನೇಟರ್, ನಮ್ಮೂರ ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೋ, 50 ಆಂಪಿಯರ್‌ನದು. ಬಿಸಿಯಾದ ಮೇಲೆ ಅದು ಕೊಡುವುದು 35. ಎರಡು ದಿನ ನಿಂತು ಖಾಲಿ ಮಾಡಿದ 380ನ್ನು ಅದು ತುಂಬಿಸಲು ಬೆಳಗಿನಿಂದ ರಾತ್ರಿಯವರೆಗೆ ಎಂಜಿನ್ ಓಡಬೇಕು. ದ್ವೀಪಗಳ ನಡುವಿನ ಹಾದಿಯಾದರೋ ಒಂದೆರಡು ಗಂಟೆಯದು.

ಲಿಥಿಯಂ ಬಂದರೆ ಈ ಡೈನಮೋಗೆ ಪ್ರಾಣಭಯವೂ ಸೇರುತ್ತದೆ. ಲೆಡ್ ಆಸಿಡ್ ತುಂಬುತ್ತ ಬಂದ ಹಾಗೆ ತಾನೇ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ, ಡೈನಮೋಗೆ ಉಸಿರಾಡಲು ಬಿಡುವು ಸಿಗುತ್ತದೆ. ಲಿಥಿಯಂ ಹಾಗಲ್ಲ, ಕೊಟ್ಟಷ್ಟನ್ನೂ ಕೊನೆಯವರೆಗೆ ಹೀರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋದ ಫ್ಯಾನೂ ನಿಧಾನ, ಕೆಲಸ ಮಾತ್ರ ಪೂರ್ತಿ. ಒಳಗಿನ ಸುರುಳಿ ಸುಟ್ಟುಹೋಗುವುದು ಹೀಗೆ.

ಅದಕ್ಕೆ ಎರಡು ದಾರಿಗಳಿವೆ. ಸುಲಭದ್ದು, ಡೈನಮೋ ಎಂದಿನಂತೆ ಎಂಜಿನ್ನಿನ ಲೆಡ್ ಬ್ಯಾಟರಿಯನ್ನೇ ತುಂಬಲಿ, ಅಲ್ಲಿಂದ ಲಿಥಿಯಂಗೆ ಡಿಸಿ-ಡಿಸಿ ಚಾರ್ಜರ್ ಎಂಬ ಪೆಟ್ಟಿಗೆ 30 ಆಂಪಿಯರ್‌ನಂತೆ ಅಳೆದು ಕೊಡಲಿ. ಕಡಿಮೆ ಖರ್ಚು, ಅಪಾಯವೂ ಕಡಿಮೆ, ಆದರೆ ನಿಧಾನ. ನಾವು ಹಿಡಿದದ್ದು ಎರಡನೆಯದು. 100 ಆಂಪಿಯರ್‌ನ ಹೊಸ ಆಲ್ಟರ್ನೇಟರ್, ಅದಕ್ಕೆ ಹೊರಗಡೆ ಇರುವ ರೆಗ್ಯುಲೇಟರ್, ಮೈಮೇಲೆ ಒಂದು ಉಷ್ಣಸಂವೇದಕ. ಬಿಸಿ ಹೆಚ್ಚಾದರೆ ರೆಗ್ಯುಲೇಟರ್ ತಾನಾಗಿ ಕರೆಂಟನ್ನು ತಗ್ಗಿಸುತ್ತದೆ. ಆಲ್ಟರ್ನೇಟರನ್ನು ತಿರುಗಿಸುವ ಅರ್ಧ ಇಂಚಿನ ಒಂದೇ ವಿ-ಬೆಲ್ಟು ಸುಮಾರು 100 ಆಂಪಿಯರ್‌ಗಿಂತ ಹೆಚ್ಚಿನದನ್ನು ತಾಳಲಾರದು. ಬೆಲ್ಟು ಸವೆದು ಎಂಜಿನ್ ಮೇಲೆ ಕಪ್ಪು ಪುಡಿ ಉದುರುತ್ತದೆ. ಅದೇ ಬೆಲ್ಟು ಎಂಜಿನ್ ತಂಪು ಮಾಡುವ ಪಂಪನ್ನೂ ತಿರುಗಿಸುವುದರಿಂದ ಅದು ತುಂಡಾದರೆ ಹೋಗುವುದು ಕರೆಂಟು ಮಾತ್ರವಲ್ಲ. ಹಾಗಾಗಿ 70 ಆಂಪಿಯರ್‌ಗೆ ಮಿತಿ ಹಾಕಿ ಇಟ್ಟಿದ್ದೇವೆ. ಮೂರು ಗಂಟೆ ಸಾಗಿದರೆ ಒಂದು ದಿನದ ಖರ್ಚು ವಾಪಸ್ಸು.

ಮೇಲಂತಸ್ತಿನ ಚಾವಣಿಗೆ 200 ವಾಟಿನ ಎರಡು ಸೋಲಾರ್ ಫಲಕಗಳು ಬಂದವು. ಇಲ್ಲಿ ಜೂನ್ ಕೊನೆಯ ಹಗಲು 16 ಗಂಟೆ ಉದ್ದ, ಒಳ್ಳೆಯ ಬಿಸಿಲಿದ್ದರೆ ಆ ಫಲಕಗಳಿಂದ 120 ಆಂಪಿಯರ್-ಅವರ್ ಸಿಗುತ್ತದೆ. ಡಿಸೆಂಬರಿನ ಹಗಲು ಎಂಟೂವರೆ ಗಂಟೆ, ಅದೂ ಮೋಡದ ಕೆಳಗೆ. ಆಗ ಸಿಗುವುದು ಲೆಕ್ಕಕ್ಕಿಲ್ಲ. ಮೈಸೂರಿನ ಮಹಡಿಯ ಬಿಸಿಲನ್ನು ನೆನೆದುಕೊಂಡು ಇಲ್ಲಿ ಸೋಲಾರ್ ಲೆಕ್ಕ ಹಾಕಬಾರದು. ಮರೀನಾದಲ್ಲಿರುವಾಗ 120 ವೋಲ್ಟು, 30 ಆಂಪಿಯರ್‌ನ ದಡದ ಕರೆಂಟಿದೆ. ಹಳೆಯ 40 ಆಂಪಿಯರ್ ಚಾರ್ಜರ್ ತೆಗೆದು, 100 ಆಂಪಿಯರ್ ಕೊಡುವ ಇನ್ವರ್ಟರ್-ಚಾರ್ಜರ್ ಹಾಕಿದೆವು.

ಈ ಕೆಲಸ ಮಾಡಿದ ವರ್ಷ ಬೇಸಿಗೆಗೆ ಅಪ್ಪ ಊರಿಂದ ಬಂದಿದ್ದರು. ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿ ಸೇರಿ, ಕೆ.ಪಿ.ಟಿ.ಸಿ.ಎಲ್. ಆದ ಮೇಲೆ ನಿವೃತ್ತರಾದವರು. ಹೊಸ ಬ್ಯಾಟರಿಗಳು ಇನ್ನೂ ಡಬ್ಬದಲ್ಲೇ ಇದ್ದವು. ನಾನು ಬಿಡಿಸಿದ ನಕ್ಷೆಯನ್ನು ಕನ್ನಡಕ ಏರಿಸಿ ನೋಡಿದವರು ಕೇಳಿದ ಮೊದಲ ಮಾತು, "ಫ್ಯೂಸ್ ಎಲ್ಲಿ ಮಗಾ?"

"ಬ್ಯಾಟರಿ ಪಕ್ಕದಲ್ಲೇ ಕಣಪ್ಪ. ಇಲ್ಲಿನ ನಿಯಮ ಏಳು ಇಂಚು ಅನ್ನುತ್ತೆ."

"ಏಳು ಇಂಚೋ ಏಳು ಅಡಿಯೋ, ಅದು ಹಾರಿದ್ ಮೇಲೂ ಕಿಡಿ ಹತ್ಕೊಂಡೇ ಇದ್ರೆ?"

ಕಂಬದ ಮೇಲೆ ಆಯಸ್ಸು ಕಳೆದವರ ಪ್ರಶ್ನೆ ಅದು, ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು. ಅಮೆರಿಕದಲ್ಲಿ ದೋಣಿಗಳ ವೈರಿಂಗಿಗೆ ಅಮೆರಿಕನ್ ಬೋಟ್ ಆ್ಯಂಡ್ ಯಾಟ್ ಕೌನ್ಸಿಲ್ ಎಂಬ ಸಂಸ್ಥೆ ಮಾನದಂಡ ಬರೆಯುತ್ತದೆ. ಕೊಳವೆಯ ರಕ್ಷಣೆ ಇಲ್ಲದ ತಂತಿಗೆ ಮೂಲದಿಂದ 7 ಇಂಚಿನೊಳಗೆ ಫ್ಯೂಸು ಇರಬೇಕು. ಬ್ಯಾಟರಿಯಿಂದ ಬರುವ ತಂತಿ ಪೂರ್ತಿ ಕೊಳವೆಯೊಳಗಿದ್ದರೆ 72 ಇಂಚಿನವರೆಗೆ ಸಡಿಲಿಕೆ ಇದೆ. ಆದರೆ ಎಷ್ಟು ದೂರ ಎನ್ನುವುದರ ಜೊತೆಗೆ ಎಂಥ ಫ್ಯೂಸು ಎನ್ನುವುದೂ ಇದೆ. ಲಿಥಿಯಂ ಬ್ಯಾಂಕಿನ ಎರಡು ತುದಿ ಅಕಸ್ಮಾತ್ ತಾಗಿದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಸಾಮಾನ್ಯ ಫ್ಯೂಸಿನ ತಂತಿ ಕರಗುತ್ತದೆ ನಿಜ, ಕರಗಿದ ಜಾಗದಲ್ಲಿ ಬೆಂಕಿಯ ಕಮಾನು ಎದ್ದು ಕರೆಂಟು ಅದರ ಮೂಲಕವೇ ಹರಿಯುತ್ತಿರುತ್ತದೆ. ಡಿಸಿ ಕರೆಂಟಾದ್ದರಿಂದ ಆ ಕಮಾನು ಎಸಿಯಲ್ಲಿ ಆರುವಷ್ಟು ಸುಲಭವಾಗಿ ಆರುವುದೂ ಇಲ್ಲ. ಕ್ಲಾಸ್ ಟಿ ಎಂಬ ಫ್ಯೂಸಿನೊಳಗೆ ಕಮಾನನ್ನು ಕೊಲ್ಲುವ ಪುಡಿ ತುಂಬಿರುತ್ತದೆ, 20,000 ಆಂಪಿಯರ್‌ನ ಹೊಡೆತವನ್ನೂ ಅದು ಕತ್ತರಿಸಬಲ್ಲದು. ಬೆಲೆ ಹೆಚ್ಚು. ಇದರಲ್ಲಿ ಚೌಕಾಸಿ ಬೇಡ. ನಡುನೀರಿನಲ್ಲಿ ದೋಣಿಗೆ ಬೆಂಕಿ ಬಿದ್ದರೆ ಓಡಿಹೋಗಲು ಬೀದಿ ಇಲ್ಲ.

ತಂತಿಯ ದಪ್ಪವೂ ಹಾಗೆಯೇ. 2000 ವಾಟಿನ ಇನ್ವರ್ಟರ್ ಪೂರ್ತಿ ದುಡಿದರೆ 12 ವೋಲ್ಟಿನ ಕಡೆಯಿಂದ 200 ಆಂಪಿಯರ್ ಹತ್ತಿರ ಎಳೆಯುತ್ತದೆ. ಹೋಗಿ ಬರುವ ತಂತಿ 4 ಮೀಟರ್ ಎಂದುಕೊಳ್ಳಿ. 16 ಚದರ ಮಿಲಿಮೀಟರಿನ ತಂತಿ ಹಾಕಿದರೆ ದಾರಿಯಲ್ಲೇ ಮುಕ್ಕಾಲು ವೋಲ್ಟಿಗಿಂತ ಹೆಚ್ಚು ಸೋರುತ್ತದೆ, 170 ವಾಟಿಗಿಂತ ಹೆಚ್ಚು ಶಾಖ ತಂತಿಯಲ್ಲೇ ಹುಟ್ಟುತ್ತದೆ. 70 ಚದರ ಮಿಲಿಮೀಟರಿನದಾದರೆ ಸೋರಿಕೆ 0.2 ವೋಲ್ಟು. ಮನೆಯ ವೈರಿಂಗಿನ ಅಂದಾಜಿನಲ್ಲಿ 12 ವೋಲ್ಟಿಗೆ ತಂತಿ ಆರಿಸುವಂತಿಲ್ಲ. ಅದೇ ವಾಟಿಗೆ ಇಲ್ಲಿ ಕರೆಂಟು ಹತ್ತಾರು ಪಟ್ಟು. ಉಪ್ಪುಗಾಳಿಗೆ ಬರಿ ತಾಮ್ರ ಹಸಿರುಗಟ್ಟುವುದರಿಂದ ತವರ ಲೇಪಿಸಿದ ತಂತಿ ಬೇಕು. ಲಗ್ಗುಗಳನ್ನು ಒತ್ತುಯಂತ್ರದಲ್ಲಿ ಕ್ರಿಂಪ್ ಮಾಡಬೇಕು. ಬರೀ ಸೋಲ್ಡರನ್ನು ನಂಬಿ ಕೂರಿಸಬಾರದು. ಬ್ಯಾಟರಿಗಳನ್ನು ಅಕ್ಕಪಕ್ಕ ಜೋಡಿಸಿದಾಗ ಪಾಸಿಟಿವ್ ತಂತಿಯನ್ನು ಈ ತುದಿಯ ಬ್ಯಾಟರಿಯಿಂದ, ನೆಗೆಟಿವ್ ತಂತಿಯನ್ನು ಆ ತುದಿಯದರಿಂದ ಎಳೆಯಬೇಕು. ಎರಡನ್ನೂ ಒಂದೇ ತುದಿಯಿಂದ ತೆಗೆದರೆ ಹತ್ತಿರದ ಬ್ಯಾಟರಿ ಹೆಚ್ಚು ದುಡಿದು ಮೊದಲು ಸಾಯುತ್ತದೆ. ಇಡೀ ಬ್ಯಾಂಕನ್ನು ಪಟ್ಟಿಗಳಿಂದ ಬಿಗಿಯಬೇಕು. ಅಲೆಯ ಹೊಡೆತಕ್ಕೆ ಒಂದು ಇಂಚಿಗಿಂತ ಹೆಚ್ಚು ಜರುಗಬಾರದು.

ಹಳೆಯ ಬ್ಯಾಂಕು ಎಂಜಿನ್ ಪಕ್ಕದಲ್ಲಿತ್ತು. ಆ ಶಾಖ ಯಾವ ಬ್ಯಾಟರಿಗೂ ಹಿತವಲ್ಲ, ಲಿಥಿಯಂಗಂತೂ ಅಲ್ಲವೇ ಅಲ್ಲ. ಹೊಸದನ್ನು ಹಿಂಭಾಗದ ತಳದ ಉಗ್ರಾಣಕ್ಕೆ ಒಯ್ದೆವು. ಲಿಥಿಯಂ ಐರನ್ ಫಾಸ್ಫೇಟನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಕೋಶ ಹಾಳಾಗುತ್ತದೆ. ಆದರೆ ನಮ್ಮ ಒಳಗಡಲಿನ ನೀರು ಚಳಿಗಾಲದಲ್ಲೂ 7-8 ಡಿಗ್ರಿ ಇರುವುದರಿಂದ, ನೀರಿಗೆ ತಾಗಿದ ತಳದಲ್ಲಿ ಅಷ್ಟು ಚಳಿ ಇಳಿಯುವುದಿಲ್ಲ.

ಕೋಶಗಳ ಕಾವಲಿಗೆ ಬಿಎಂಎಸ್ ಎಂಬ ಸರ್ಕ್ಯೂಟು ಇರುತ್ತದೆ. ಒಂದು ಕೋಶದ ವೋಲ್ಟೇಜು ಮಿತಿ ಮೀರಿದರೂ, ಚಳಿ ಹೆಚ್ಚಾದರೂ, ಕರೆಂಟು ಹೆಚ್ಚಾದರೂ ಅದು ಇಡೀ ಬ್ಯಾಟರಿಯನ್ನು ಕಡಿದುಹಾಕುತ್ತದೆ. ಮನೆಯಲ್ಲಾದರೆ ದೀಪ ಆರುತ್ತದೆ, ಅಷ್ಟೇ. ದೋಣಿಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ನಾವು ಉತ್ತರಕ್ಕೆ ಹೋಗುವ ದಾರಿಯಲ್ಲಿ ಡಿಸೆಪ್ಷನ್ ಪಾಸ್ ಎಂಬ ಇಕ್ಕಟ್ಟಾದ ಜಲಸಂಧಿ ಸಿಗುತ್ತದೆ. ಭರತ-ಇಳಿತದ ಹೊತ್ತಿನಲ್ಲಿ ಅಲ್ಲಿ ನೀರಿನ ಸೆಳೆತ 8 ನಾಟ್‌ವರೆಗೆ ಹೋಗುತ್ತದೆ, ನಮ್ಮ ದೋಣಿಯ ವೇಗಕ್ಕಿಂತ ಹೆಚ್ಚು. ಸೆಳೆತ ನಿಂತ ಸ್ವಲ್ಪ ಹೊತ್ತಿನಲ್ಲೇ ದಾಟಬೇಕು. ಅಲ್ಲಿ ರೇಡಿಯೋ, ನಕ್ಷೆಯ ಪರದೆ ಎಲ್ಲ ಒಮ್ಮೆಲೇ ಕಪ್ಪಾಗುವಂತಿಲ್ಲ. ಅದೂ ಅಲ್ಲದೆ, ಡೈನಮೋ ಪೂರ್ತಿ ದುಡಿಯುತ್ತಿರುವಾಗ ಬ್ಯಾಟರಿ ಫಕ್ಕನೆ ಕಳಚಿಕೊಂಡರೆ ಅದರ ವೋಲ್ಟೇಜು ಜಿಗಿದು ಡಯೋಡುಗಳನ್ನೂ ಉಪಕರಣಗಳನ್ನೂ ಸುಡುತ್ತದೆ. ಹಾಗಾಗಿ ಬಿಎಂಎಸ್ ಕಡಿಯುವ ಮೊದಲು ಎಚ್ಚರಿಕೆಯ ಗಂಟೆ ಬಾರಿಸಬೇಕು, ಡೈನಮೋದ ರೆಗ್ಯುಲೇಟರಿಗೆ ನಿಲ್ಲೆಂದು ಹೇಳಬೇಕು. ಇಂಥವನ್ನೆಲ್ಲ ಕುರಿತು 2022ರಲ್ಲಿ ಆ ಕೌನ್ಸಿಲ್ ಲಿಥಿಯಂಗೆಂದೇ ಇ-13 ಎಂಬ ಮಾನದಂಡ ಹೊರಡಿಸಿತು. ನಾವು ಎಂಜಿನ್ ಬ್ಯಾಟರಿಯನ್ನು ಲೆಡ್ ಆಸಿಡ್‌ನಲ್ಲೇ ಉಳಿಸಿ, ರೇಡಿಯೋವನ್ನೂ ನಕ್ಷೆಯ ಪರದೆಯನ್ನೂ ಒಂದು ಸ್ವಿಚ್ಚಿನಿಂದ ಅದರ ಮೇಲೆ ಹಾಕಿಕೊಳ್ಳುವಂತೆ ಮಾಡಿದ್ದೇವೆ. ಹಳೆಯ ಸೀಸಕ್ಕೆ ಈ ನಂಬಿಕೆ ಇವತ್ತಿಗೂ ಸಲ್ಲುತ್ತದೆ.

ಲಿಥಿಯಂ ಎಂದ ಕೂಡಲೇ ಬೆಂಕಿ ಎಂದು ಹೆದರುವವರು ಇಲ್ಲಿ ಹೆಚ್ಚು, ಅದಕ್ಕೆ ಕಾರಣವೂ ಇದೆ. ಬೋಯಿಂಗ್ 787 ವಿಮಾನಗಳು ರೂಪುಗೊಂಡದ್ದು ಇದೇ ಎವರೆಟ್‌ನಲ್ಲಿ. 2013ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ನಿಂತಿದ್ದ ಅಂಥ ಒಂದು ವಿಮಾನದ ಬ್ಯಾಟರಿಗೆ ಬೆಂಕಿ ಬಿತ್ತು, ಅದೇ ತಿಂಗಳು ಜಗತ್ತಿನ ಎಲ್ಲ 787ಗಳೂ ನೆಲ ಕಚ್ಚಿ ನಿಂತವು. ಆ ಬ್ಯಾಟರಿಯಲ್ಲಿದ್ದದ್ದು ಕೋಬಾಲ್ಟ್ ಆಕ್ಸೈಡ್. ಬಿಸಿಯೇರಿದರೆ ಅದು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಬೆಂಕಿಗೆ ಬೇಕಾದದ್ದು ಒಳಗಿಂದಲೇ ಒದಗುತ್ತದೆ. ಫಾಸ್ಫೇಟಿನಲ್ಲಿ ರಂಜಕವೂ ಆಮ್ಲಜನಕವೂ ಬಿಗಿಯಾಗಿ ಬೆಸೆದಿರುವುದರಿಂದ ಅದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅಪಾಯವೇ ಇಲ್ಲ ಎಂದಲ್ಲ, ಬಹಳ ಕಡಿಮೆ. ಅತ್ತ ಲೆಡ್ ಆಸಿಡ್ಡೂ ಸಾಧುವಲ್ಲ. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೆ ಒಂದು ಕಿಡಿ ಸಾಕು. ಯುಪಿಎಸ್ ಬ್ಯಾಟರಿಯನ್ನು ಗಾಳಿಯಾಡದ ಕಪಾಟಿನಲ್ಲಿ ಇಡಬೇಡಿ ಎನ್ನುವುದು ಇದಕ್ಕೇ.

ಅಪ್ಪನಿಗೆ ಈ ಬ್ಯಾಟರಿಗಳ ಮೇಲೆ ಬೇರೊಂದು ಕಾರಣಕ್ಕೆ ಪ್ರೀತಿ ಹುಟ್ಟಿತು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣದ ಕಡೆ ಪರಮಾಣು ಖನಿಜ ನಿರ್ದೇಶನಾಲಯದವರು 1,600 ಟನ್ ಲಿಥಿಯಂ ಇದೆಯೆಂದು ಅಂದಾಜಿಸಿದ್ದಾರೆ. ಜಗತ್ತಿನ ಲೆಕ್ಕದಲ್ಲಿ ಅದು ಸಣ್ಣದು. ಆದರೂ ಕಬ್ಬಿನ ಗದ್ದೆಗಳ ಆಚೆಯ ಆ ಬಂಡೆಗಳಲ್ಲಿರುವ ಲೋಹವೇ ಈ ಪೆಟ್ಟಿಗೆಯಲ್ಲೂ ಇದೆ ಎಂದರೆ ಅವರಿಗೆ ಬಹಳ ಸಂತೋಷ.

ಊರಲ್ಲಿ ಯುಪಿಎಸ್‌ಗೆ ಲಿಥಿಯಂ ಹಾಕಿಸಲು ಹೊರಟ ತಮ್ಮನಿಗೆ ನಾನು ಹೇಳಿದ್ದು ಎರಡೇ ಮಾತು. ಯುಪಿಎಸ್ಸಿನಲ್ಲಿ ಲಿಥಿಯಂಗೆ ಹೊಂದುವ ಚಾರ್ಜಿಂಗ್ ಮೋಡ್ ಇದೆಯೋ ಇಲ್ಲವೋ ಕೇಳು, ಟ್ಯೂಬ್ಯುಲರ್ ಲೆಡ್ ಬ್ಯಾಟರಿಗೆ ಇಟ್ಟ ವೋಲ್ಟೇಜಿನಲ್ಲಿ ಹಾಗೇ ಬಿಡಬೇಡ. ಮತ್ತೆ, ಅದು ಎಷ್ಟು ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತದೆ ಎಂದು ಕೇಳು. 10 ಆಂಪಿಯರ್ ಕೊಡುವ ಯುಪಿಎಸ್‌ಗೆ 200ರ ಬ್ಯಾಟರಿ ತಗುಲಿಸಿದರೆ, ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗುವ ಕಾಲದಲ್ಲಿ ಅದು ತುಂಬುವುದು ಯಾವಾಗ?

ನಮ್ಮ ಒಟ್ಟು ಖರ್ಚಿನಲ್ಲಿ ಬ್ಯಾಟರಿಗಳ ಪಾಲು ಅರ್ಧಕ್ಕಿಂತ ಕಡಿಮೆ ಬಂತು. ಉಳಿದದ್ದೆಲ್ಲ ಡೈನಮೋ, ಚಾರ್ಜರು, ತಂತಿ, ಫ್ಯೂಸು. ತೆಗೆದ ನಾಲ್ಕು ಹಳೆಯವನ್ನು ಅಂಗಡಿಗೆ ಕೊಟ್ಟೆವು. ಸೀಸವನ್ನು ಕರಗಿಸಿ ಮತ್ತೆ ಬಳಸುತ್ತಾರೆ, ಅದಕ್ಕೆಂದೇ ಇಟ್ಟುಕೊಂಡಿದ್ದ ಠೇವಣಿಯನ್ನೂ ಹಿಂದಿರುಗಿಸುತ್ತಾರೆ.

ಅಕ್ಟೋಬರ್ ಕೊನೆಗೆ ದೋಣಿ ಮರೀನಾದಲ್ಲಿ ನಿಂತ ಮೇಲೆ ಲಿಥಿಯಂ ಬ್ಯಾಂಕನ್ನು ಅರ್ಧಕ್ಕೆ ಇಳಿಸಿ ಚಾರ್ಜರ್ ಆರಿಸುತ್ತೇವೆ. ತುಂಬಿ ತುಳುಕುವಂತೆ ಇಟ್ಟು ತಿಂಗಳುಗಟ್ಟಲೆ ಬಿಡುವುದು ಅದಕ್ಕೆ ಒಳ್ಳೆಯದಲ್ಲ. ಎಂಜಿನ್ನಿನ ಲೆಡ್ ಬ್ಯಾಟರಿಗೆ ಇದರ ಉಲ್ಟಾ, ಅದಕ್ಕೆ ಬೇರೆಯೇ ಸಣ್ಣ ಚಾರ್ಜರಿಟ್ಟು ಚಳಿಗಾಲವಿಡೀ ಪೂರ್ತಿ ತುಂಬಿಡುತ್ತೇವೆ. ಏಪ್ರಿಲ್‌ನಲ್ಲಿ ಲಿಥಿಯಂ ಅನ್ನು ಒಮ್ಮೆ ನೂರಕ್ಕೆ ಮುಟ್ಟಿಸಿ ಕೆಲವು ಗಂಟೆ ಅಲ್ಲೇ ಹಿಡಿದರೆ, ಕೋಶಗಳ ನಡುವಿನ ಏರುಪೇರನ್ನು ಬಿಎಂಎಸ್ ಸರಿದೂಗಿಸುತ್ತದೆ. ಅದೇ ಹೊತ್ತಿಗೆ ಮೀಟರನ್ನೂ ನೂರಕ್ಕೆ ಕೂರಿಸಬೇಕು. ಈ ಬ್ಯಾಟರಿ ತೊಂಬತ್ತು ಇದ್ದಾಗಲೂ ಮೂವತ್ತು ಇದ್ದಾಗಲೂ ವೋಲ್ಟೇಜು ಹೆಚ್ಚುಕಡಿಮೆ 13ರ ಆಸುಪಾಸಿನಲ್ಲೇ ಇರುವುದರಿಂದ, ಶಂಟ್ ಎಣಿಸಿದ ಲೆಕ್ಕ ಬಿಟ್ಟರೆ ಎಷ್ಟು ಉಳಿದಿದೆ ಎಂದು ತಿಳಿಯುವ ಬೇರೆ ದಾರಿ ದೋಣಿಯಲ್ಲಿ ಇಲ್ಲ.